ಬೋರೆಗೆ ನಡೆದ ಭಾನುವಾರ

ಆಗ ನಮ್ಮ ನರಸೀಪುರದಲ್ಲಿ ನಡೆಯುವುದಕ್ಕೆಂದೇ ಯಾರೂ ನಡೆಯುತ್ತಿರಲಿಲ್ಲ. ಸಂತೆಗೆ ನಡೆಯುತ್ತಿದ್ದರು, ಗದ್ದೆಗೆ ನಡೆಯುತ್ತಿದ್ದರು, ಬಸ್ಸು ತಪ್ಪಿದರೆ ಬೈದುಕೊಂಡು ನಡೆಯುತ್ತಿದ್ದರು, ಅಷ್ಟೇ. ತೊಂಬತ್ತರ ದಶಕದ ಕೊನೆಯಲ್ಲಿ ಡಾಕ್ಟರು ಅಮ್ಮನಿಗೆ ಶುಗರ್ ಇದೆ, ದಿನಾ ನಡೆಯಿರಿ ಅಂದಾಗ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀದಿ ಕೊನೆಯ ಅಂಗಡಿಗೂ ನನ್ನನ್ನೇ ಅಟ್ಟುವವಳು ನಡೆಯುವುದುಂಟೇ ಎಂದು ಅವರ ತಮಾಷೆ. ಅಮ್ಮನಿಗೆ ರೋಷ ಬಂತು. ನಿವೃತ್ತ ನರ್ಸ್ ನಾಗರತ್ನಮ್ಮ ಕಟ್ಟಿದ್ದ ಹೆಂಗಸರ ನಡಿಗೆ ಸಂಘಕ್ಕೆ ಮಾರನೆಯ ದಿನವೇ ಸೇರಿಬಿಟ್ಟಳು.

ಮಾಗಿಯ ಒಂದು ಭಾನುವಾರ ಸಂಘದವರು ಹೊಳೆ ದಂಡೆ ಹಿಡಿದು ಬೋರೆಯ ತುದಿಯವರೆಗೆ ನಡೆಯುವುದೆಂದು ನಿಶ್ಚಯವಾಯಿತು. ಬೋರೆ ಎಂದರೆ ಕಾವೇರಿ ತಿರುಗುವಲ್ಲಿ ನೀರಿನೊಳಕ್ಕೆ ಚಾಚಿಕೊಂಡ ಎತ್ತರದ ದಿಣ್ಣೆ. ತುದಿಯಲ್ಲಿ ನಿಂತರೆ ಮೂರು ಕಡೆಯೂ ಹೊಳೆ. ಅಮ್ಮ ಹುಟ್ಟಿದ ಊರು ಅದರ ಪಕ್ಕದಲ್ಲೇ ಇದ್ದರೂ ಅವಳು ಆ ತುದಿ ಕಂಡಿರಲಿಲ್ಲ. ಹೆಣ್ಣುಮಕ್ಕಳಿಗೆ ಅಲ್ಲೇನು ಕೆಲಸ ಎಂದು ಚಿಕ್ಕಂದಿನಲ್ಲಿ ಬಿಡುತ್ತಿರಲಿಲ್ಲವಂತೆ. ಈ ಸಲ ತುದಿ ಮುಟ್ಟಿಯೇ ಬರುತ್ತೇನೆ ಎಂದು ಅಪ್ಪನ ಮುಂದೆ ಹೇಳಿಯೇ ಹೊರಟಳು. ನನ್ನನ್ನೂ ಕರೆದುಕೊಂಡಳು.

ಅವರೆ ಹೊಲಗಳ ಸೊಗಡು ಇಬ್ಬನಿಯ ಜೊತೆ ಲಂಗಕ್ಕೆಲ್ಲ ಅಂಟಿಕೊಳ್ಳುತ್ತಿತ್ತು. ಎಲ್ಲೋ ಆಲೆಮನೆಯಲ್ಲಿ ಬೆಲ್ಲ ಕಾಯುವ ವಾಸನೆ. ನಾನು ಚಪ್ಪಟೆ ಕಲ್ಲು ಆರಿಸಿ ನೀರಿನ ಮೇಲೆ ಹಾರಿಸುತ್ತಾ ನಿಂತರೆ, ಅಮ್ಮ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದಳು. ಹೀಗಾಗಿ ಸಂಘದವರು ಕಣ್ಣಿಗೆ ಕಾಣದಷ್ಟು ಮುಂದೆ ಹೋಗಿ, ನಾವಿಬ್ಬರೇ ಹಿಂದುಳಿದೆವು.

ತವರೂರಿನ ಹತ್ತಿರ ಅವರೆಕಾಯಿ ಬಿಡಿಸುತ್ತಿದ್ದ ಪರಿಚಯದ ಮುದುಕಿಯೊಬ್ಬಳು ಎಲ್ಲಿಗೆ ಎಂದು ಕೇಳಿದಳು. ಏದುಸಿರು ಬಿಡುತ್ತಿದ್ದ ಅಮ್ಮ, ಸುಮ್ಮನೆ ಹೊಳೆ ಕಡೆಗೆ ಎಂದಷ್ಟೇ ಹೇಳಿ ಮುಂದೆ ನಡೆದಳು. ಮುದುಕಿ ನಾವು ಮರೆಯಾಗುವವರೆಗೂ ನೋಡುತ್ತಲೇ ಇದ್ದಳು. ಮದುವೆಯಾದ ಹೆಂಗಸು ಬಟ್ಟೆಯ ಚೀಲ ನೇತುಹಾಕಿಕೊಂಡು, ಮಗಳ ಕೈ ಹಿಡಿದು, ಕಾಲ್ನಡಿಗೆಯಲ್ಲಿ ತವರಿನ ಕಡೆ ಬಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ತವರಿಗೂ ಹೋಗದೆ ಹೊಳೆ ಕಡೆ ತಿರುಗಿದಳೆಂದರಂತೂ ಕೇಳುವುದೇ ಬೇಡ. ಚೀಲದಲ್ಲಿದ್ದದ್ದು ಚಿತ್ರಾನ್ನ ಎಂದು ಆ ಮುದುಕಿಗೆ ಹೇಗೆ ಗೊತ್ತಾಗಬೇಕು?

ನಾವು ಬೋರೆ ಹತ್ತುತ್ತಿದ್ದಾಗ ಹಿಂದಿನಿಂದ ಅಮ್ಮನ ಅಣ್ಣ, ನನ್ನ ಮಾವ, ಸೈಕಲ್ ತುಳಿದುಕೊಂಡು ಬಂದ. ಆ ಚಳಿಯಲ್ಲೂ ಬರೀ ಬನಿಯನ್ನು, ಮೈಯೆಲ್ಲ ಬೆವರು. ಸೈಕಲ್ಲನ್ನು ಹಾಗೇ ಕೆಡವಿ ಅಮ್ಮನ ರಟ್ಟೆ ಹಿಡಿದುಕೊಂಡ.

“ಏನಾಯ್ತವ್ವ? ಬಾವ ಏನಾರ ಅಂದ್ರಾ?”

“ಏನೂ ಇಲ್ಲ ಕಣಣ್ಣ. ಸುಮ್ಕೆ ನಡೀತಾ ಇವ್ನಿ.”

“ಸುಮ್ಕೆ ಯಾರಾರ ನಡೀತಾರಾ? ನಡಿ ಮನೆಗೆ.”

ಅಮ್ಮ ಶುಗರ್ ವಿಷಯ ಹೇಳಿದಳು, ಸಂಘದ ವಿಷಯ ಹೇಳಿದಳು. ಮಾವ ಒಂದನ್ನೂ ನಂಬಲಿಲ್ಲ, ಸೈಕಲ್ ಹತ್ತು ಎಂದು ಪಟ್ಟು ಹಿಡಿದ. ಅಷ್ಟು ದೂರ ಬಂದು ತಿರುಗಿಬಿಡುತ್ತಾಳೋ ಏನೋ ಎಂದು ನನಗೆ ಅಳು ಬರುವಂತಾಯಿತು. ಅಮ್ಮ ಅವನ ಕೈ ಬಿಡಿಸಿಕೊಂಡು, ಬೇಕಾದರೆ ನೀನೂ ಬಾ ಎಂದು ಹತ್ತತೊಡಗಿದಳು. ಮಾವ ಸೈಕಲ್ ತಳ್ಳಿಕೊಂಡು ಹಿಂದೆಯೇ ಬಂದ.

ತುದಿಯಲ್ಲಿ ನಾಗರತ್ನಮ್ಮನವರು ಗುಂಪಿನೊಂದಿಗೆ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಸೆರಗು ಹಾರುತ್ತಿದ್ದರೂ ಲೆಕ್ಕಿಸದೆ ಅಮ್ಮ ಮೂರು ಕಡೆಯ ನೀರನ್ನೂ ನೋಡಿದಳು. ಅವಳು ಅಷ್ಟು ಚೆಂದ ಕಂಡದ್ದು ನನಗೆ ಅದೇ ಮೊದಲು. ಮಾವ ಎಲ್ಲರೊಂದಿಗೆ ಚಿತ್ರಾನ್ನ ತಿಂದ. ಆದರೆ ಊಟ ಮುಗಿಯುವವರೆಗೂ ಅಮ್ಮನಿಗೂ ನೀರಿಗೂ ನಡುವೆಯೇ ಕೂತಿದ್ದ.

ಹೊರಡುವಾಗ ಮೆಲ್ಲಗೆ ಇನ್ನೊಮ್ಮೆ ಕೇಳಿದ. “ದಿಟವಾಗ್ಲೂ ಏನೂ ಇಲ್ವೇನವ್ವ?”

“ಇದ್ರೆ ನಿನ್ತಾವ್ಕೇ ಬತ್ತೀನಿ ಕಣಣ್ಣ. ನಡ್ಕೊಂಡು ಬರಾಕಾಯ್ತದೆ ಅಂತ ಇವತ್ತು ಗೊತ್ತಾಯ್ತಲ್ಲ.”

ಮಾವ ಮುಖ ಆಚೆ ತಿರುಗಿಸಿಕೊಂಡು ಸೈಕಲ್ ಹತ್ತಿದ.

ಈಗ ಮಾವ ಇಲ್ಲ. ಮೈಸೂರಿನ ಪಾರ್ಕಿನಲ್ಲಿ ಬೆಳಗಾದರೆ ಅರ್ಧ ಬಡಾವಣೆಯೇ ಸುಮ್ಮನೆ ನಡೆಯುತ್ತದೆ, ನಾನೂ ನಡೆಯುತ್ತೇನೆ. ಮೊನ್ನೆ ಮನೆಯಲ್ಲಿ ನಿಜಕ್ಕೂ ಮಾತು ಬೆಳೆದು, ಕಣ್ಣೊರೆಸಿಕೊಳ್ಳುತ್ತಲೇ ಸುತ್ತು ಹಾಕಿದೆ. ಎದುರಿಗೆ ಸಿಕ್ಕವರೆಲ್ಲ ನಕ್ಕು, ಗುಡ್ ಮಾರ್ನಿಂಗ್ ಅಂದು ಮುಂದೆ ಹೋದರು.