ಕರೆಂಟು ಹೋದಾಗ ಓಡುತ್ತಿದ್ದ ಜಪಾನಿನವ

ಇವತ್ತು ಫೋನಿನ ವಿಡಿಯೋದಲ್ಲಿ ಜಪಾನಿನ ಹಳೆಯ ಮ್ಯಾರಥಾನ್ ಓಟಗಾರನೊಬ್ಬ ಮಕ್ಕಳಿಗೆ ಓಟ ಕಲಿಸುತ್ತಿದ್ದ. ತಲೆ ನರೆತಿದೆ. ಆದರೆ ಕತ್ತು ವಾಲಿಸಿ ಓಡುವ ಆ ಓಟ ಕಂಡದ್ದೇ, ನಾನು ಮತ್ತೆ ಬಾಲ್ಯದ ಊರು ವರ್ಕಾಡಿಯಲ್ಲಿ, ನೆರೆಮನೆಯ ಬೀಪಾತುಮ್ಮನವರ ಚಾವಡಿಯಲ್ಲಿದ್ದೆ.

ಅವರ ಗಂಡ ಗಲ್ಫಿನಿಂದ ತಂದ ಟಿವಿಗೆ ಕಸೂತಿಯ ಮುಸುಕು. ಸಿನಿಮಾಕ್ಕೆಂದು ಸೇರಿದವರಿಗೆ ಸಿಕ್ಕಿದ್ದು ಮ್ಯಾರಥಾನ್. ಬೈಯುತ್ತಲೇ ಕುಳಿತೆವು. ಗೆದ್ದವನು ಯಾರಿಗೂ ಬೇಡವಾದ. ಕಾಲು ಉಳುಕಿ ಹಿಂದೆ ಬಿದ್ದರೂ ನಿಲ್ಲದ ಈ ಜಪಾನಿನವ ಎಲ್ಲರ ಮನೆ ಮಗನಾದ.

ಅಪ್ಪ ಊಟಕ್ಕೆಂದು ಎದ್ದರೆ ಬೀಪಾತುಮ್ಮ ಗದರಿದರು: "ಅವ ಓಡುವಾಗ ನಿಮಗೆ ಎಂತ ಊಟ ಮಾಷ್ಟ್ರೆ? ಕೂತ್ಕೊಳ್ಳಿ!"

ಅಲ್ಲಿ ಓಟ, ಇಲ್ಲಿ ನೋಟ, ಯಾರಿಗೂ ಬೇಡ ಊಟ.

ಕೊನೆಯ ಗೆರೆ ಕಾಣುವ ಹೊತ್ತಿಗೆ ಕರೆಂಟು ಹೋಯಿತು. ಅವ ಮುಟ್ಟಿದನೋ ಇಲ್ಲವೋ ಎಂದು ನಾನು ಅಳತೊಡಗಿದೆ. ಬೀಪಾತುಮ್ಮ ತಲೆ ಸವರಿದರು: "ಕರೆಂಟು ಹೋದದ್ದು ನಮಗೆ ಅಲ್ವಾ? ಅವನಿಗೆ ರಸ್ತೆ ಉಂಟು. ಮುಟ್ತಾನೆ, ಅಳ್ಬೇಡ."

ವಿಡಿಯೋದಲ್ಲಿ ಅವನ ಹೆಸರಿದೆ. ಹುಡುಕಿದರೆ ಅವತ್ತಿನ ಫಲಿತಾಂಶ ಈಗಲೇ ಸಿಗುತ್ತದೆ. ನಾನು ಹುಡುಕಲಿಲ್ಲ. ಬೀಪಾತುಮ್ಮ ಅದನ್ನು ಅವತ್ತೇ ಹೇಳಿಯಾಗಿದೆ.