ಬೆಟ್ಟಕ್ಕೆ ಬೆನ್ನು ಹಾಕಿ ಹತ್ತಿದವಳು

ಬೊಕ್ಸಿಮ್ ಅಕ್ಕ ನೋಡಿದಷ್ಟು ಪಾರ್ಕಿಂಗ್ ಜಾಗಗಳನ್ನು ಕೊರಿಯಾದ ಕಡಲತೀರದ ನಮ್ಮ ತೊಂಗ್ಯೊಂಗ್ ಊರಿನಲ್ಲಿ ಇನ್ಯಾರೂ ನೋಡಿಲ್ಲ. ಸಿಂಪಿಯ ಚಿಪ್ಪು ಸೀಳಿ ಮಾಂಸ ಬಿಡಿಸುವ ಕೆಲಸ ಬೇಸಿಗೆಗೆ ಮುಗಿಯುತ್ತಲೇ ನಮ್ಮ ಶೆಡ್ಡಿನ ಹೆಂಗಸರೆಲ್ಲ ಸೇರಿ ಪ್ರವಾಸ ಹೊರಡುತ್ತೇವೆ. ಜೇಜು ದ್ವೀಪದ ಬೆಟ್ಟವಿರಲಿ, ಜಪಾನಿನ ಕೋಟೆಯಿರಲಿ, ಚೀನಾದ ಮಹಾಗೋಡೆಯಿರಲಿ, ಮೆಟ್ಟಿಲು ಕಂಡ ಕೂಡಲೇ ಅಕ್ಕನ ಮಾತು ಒಂದೇ. "ನೀವು ಹೋಗ್ಬನ್ನಿ, ಬ್ಯಾಗ್ ನಾನು ನೋಡ್ಕೋತೀನಿ." ಸಿಮೆಂಟ್ ನೆಲದ ಮೇಲೆ ನಿಂತು ನಿಂತು ಅವಳ ಮಂಡಿಗಳು ಎಂದೋ ಕೈಕೊಟ್ಟಿದ್ದವು. ನಾವೂ ಬೇಡ ಎನ್ನುತ್ತಿರಲಿಲ್ಲ. ಕಿಮ್ಚಿ ಉಪ್ಪಿನಕಾಯಿಯ ಡಬ್ಬಿ, ಮೆಣಸಿನ ಗೊಜ್ಜು, ಸೋಜು ಸಾರಾಯಿ ಬಾಟಲಿ ತುಂಬಿದ ಚೀಲಗಳನ್ನು ಹೊತ್ತುಕೊಂಡು ಯಾರು ಹತ್ತುತ್ತಾರೆ?

ಆ ವರ್ಷ ಚೀನಾದ ಜಾಂಗಾಗ್ಯೆಗೆ ಹೋದೆವು. ಕಡಿದಾದ ಮೆಟ್ಟಿಲ ಸಾಲು, ತುದಿಯಲ್ಲಿ ಬೆಟ್ಟವನ್ನೇ ಕೊರೆದಂತಿರುವ ದೊಡ್ಡ ಕಂಡಿ. ಸ್ವರ್ಗದ ಬಾಗಿಲು ಅನ್ನುತ್ತಾರೆ. ಆಗಿನ್ನೂ ಅಲ್ಲಿ ಎಸ್ಕಲೇಟರ್ ಇರಲಿಲ್ಲ. ನಮ್ಮ ಗೈಡ್ ಚೊಲ್ಹೊ ಚೀನಾದಲ್ಲೇ ಹುಟ್ಟಿ ಬೆಳೆದ ಕೊರಿಯನ್, ನಲವತ್ತರ ಆಸುಪಾಸಿನವನು. ಹಳದಿ ಬಾವುಟ ಎತ್ತಿ ಹೇಳಿದ, "ಹತ್ತೋಕಾಗದೋರು ಚಹಾದಂಗಡೀಲಿ ಕೂತಿರಿ."

ಅಷ್ಟು ಹೇಳಿದ್ದೇ ತಡ, ನಮ್ಮ ಮುಂದಾಳು ಮಲ್ಜಾ ತನ್ನ ಚೀಲವನ್ನು ಅಭ್ಯಾಸಬಲದಿಂದ, ಆಗಲೇ ಕೂತಿದ್ದ ಅಕ್ಕನ ತೊಡೆಯ ಮೇಲಿಟ್ಟಳು. ಅಕ್ಕ ಅದನ್ನೆತ್ತಿ ಮತ್ತೆ ಅವಳ ಹೆಗಲಿಗೇ ನೇತು ಹಾಕಿದಳು.

"ಇವತ್ತು ನಾನೂ ಬರ್ತೀನಿ."

"ಮಂಡಿ ಏನನ್ನುತ್ತೆ ಅಕ್ಕ?" ಎಂದಳು ಮಲ್ಜಾ.

"ಅದನ್ನ ಕೇಳಿಲ್ಲ ಕಣೆ. ಕೇಳಿದ್ರೆ ಬೇಡ ಅನ್ನುತ್ತೆ."

ನಾವು ನಕ್ಕೆವು. ಅಕ್ಕ ನಗಲಿಲ್ಲ. "ಎಪ್ಪತ್ತಾಯ್ತು. ಒಂದಾದ್ರೂ ನನ್ನ ಕಣ್ಣಲ್ಲಿ ನೋಡ್ಬೇಕು," ಎಂದು ಚೀಲದೊಳಗೆ ಕೈ ಹಾಕಿ ಒಂದು ವಸ್ತು ಹೊರತೆಗೆದಳು. ನಮ್ಮ ಕಡೆ ಬೆಳ್ಳುಳ್ಳಿ ಹೊಲದಲ್ಲಿ ಕೂತು ಕೆಲಸ ಮಾಡುವ ಹೆಂಗಸರು ಹಿಂಬದಿಗೆ ಕಟ್ಟಿಕೊಳ್ಳುವ ಸ್ಪಂಜಿನ ಮಣೆ! ರಬ್ಬರ್ ಪಟ್ಟಿಗಳೊಳಗೆ ಕಾಲು ತೂರಿಸಿದರೆ ಆಯಿತು, ಹೋದಲ್ಲೆಲ್ಲ ಅದೂ ಹಿಂದೆಯೇ ಬರುತ್ತದೆ. ಅದಕ್ಕೆ ಕೆಂಪು ಹೂವಿನ ಬಟ್ಟೆಯ ಹೊದಿಕೆ ಬೇರೆ.

ಮಲ್ಜಾಳ ಮುಖ ಕೆಂಪೇರಿತು. "ಪರದೇಶದಲ್ಲಿ ಮಾನ ಕಳೀಬೇಡ ಅಕ್ಕ."

"ಮಾನ ನಿನ್ ಹತ್ರ ಇರ್ಲಿ. ನನ್ನ ಹತ್ರ ಮಣೆ ಇದೆ."

ಕಟ್ಟಿಕೊಂಡಳು. ಬೆಟ್ಟಕ್ಕೆ ಬೆನ್ನು ಹಾಕಿ ಮೊದಲ ಮೆಟ್ಟಿಲ ಮೇಲೆ ಕೂತಳು. ಎರಡೂ ಅಂಗೈಯನ್ನು ಹಿಂದಿನ ಮೆಟ್ಟಿಲಿಗೆ ಊರಿ, ಮೈ ಎತ್ತಿ, ಧೊಪ್ಪನೆ ಎರಡನೆಯದಕ್ಕೆ ಬಂದಳು. ಚೊಲ್ಹೊ ಬಾವುಟ ಬಿಟ್ಟು ಓಡಿ ಬಂದ.

"ಅಮ್ಮಾ, ಅರ್ಧದಲ್ಲಿ ನಿಂತ್ರೆ ಪಲ್ಲಕ್ಕಿ ಹೊರೋರನ್ನ ಕರೆದು ಕೆಳಗಿಳಿಸ್ತೀನಿ. ಆಮೇಲೆ ಮಾತಿಲ್ಲ."

"ನಿಂತ್ರೆ ತಾನೇ," ಎಂದಳು ಅಕ್ಕ, ಮೂರನೆಯ ಮೆಟ್ಟಿಲಿನಿಂದ.

ಸಿಂಪಿ ಬಿಡಿಸುವವಳ ಮಂಡಿ ಹೋಗಬಹುದು, ತೋಳು ಹೋಗುವುದಿಲ್ಲ. ಧೊಪ್, ಧೊಪ್ ಎಂದು ಅವಳು ಏರುತ್ತಿದ್ದರೆ ನಾವು ನಮ್ಮ ನಮ್ಮ ಕಿಮ್ಚಿ ಹೊತ್ತುಕೊಂಡು ಏದುಸಿರು ಬಿಡುತ್ತ ಅಕ್ಕಪಕ್ಕದಲ್ಲಿ ನಡೆದೆವು. ಚೀನೀ ಹುಡುಗಿಯರು ಮೊದಲು ಕಿಸಕ್ಕನೆ ನಕ್ಕರು, ಫೋಟೊ ತೆಗೆದರು. ಸ್ವಲ್ಪ ಹೊತ್ತಿಗೆ ಅವರೇ ಮುಂದೆ ಹೋಗಿ ದಾರಿ ಬಿಡಿಸತೊಡಗಿದರು. ಪಲ್ಲಕ್ಕಿ ಹೊರುವ ಇಬ್ಬರು ಖಾಲಿ ಕುರ್ಚಿ ಹೊತ್ತು ಹಿಂದೆಯೇ ಬರುತ್ತಿದ್ದರು, ಹದ್ದಿನ ಹಾಗೆ ಕಾಯುತ್ತ.

ಅರ್ಧ ದಾಟಿದ ಮೇಲೆ ಮೆಟ್ಟಿಲು ಇನ್ನಷ್ಟು ಕಡಿದಾಯಿತು. ಒಮ್ಮೆ ಅಕ್ಕ ಕೈ ಜಾರಿ ಒಂದು ಮೆಟ್ಟಿಲು ಕೆಳಗೆ ಬಂದುಬಿಟ್ಟಳು. ಚೊಲ್ಹೊ ಪಲ್ಲಕ್ಕಿಯವರ ಕಡೆ ಕೈ ಎತ್ತಿದ.

ಆಗ ಮಲ್ಜಾ ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಚೀಲವನ್ನು ಚೊಲ್ಹೊನ ಕೈಗೆ ತುರುಕಿ, ತಾನೂ ಬೆಟ್ಟಕ್ಕೆ ಬೆನ್ನು ಹಾಕಿ ಅಕ್ಕನ ಪಕ್ಕ ಕಲ್ಲಿನ ಮೇಲೆ ಕೂತಳು. ಹೊಸ ರೇಷ್ಮೆ ಪ್ಯಾಂಟು ಹಾಕಿದ್ದವಳು!

"ಜರುಗು ಅಕ್ಕ. ಒಬ್ಬಳೇ ಎಲ್ಲಾ ನೋಡ್ತಿದೀಯ."

ನಿಜವೇ. ಇಷ್ಟು ಹೊತ್ತು ನಾವು ಮುಂದಿನವರ ಹಿಂಬದಿ ನೋಡಿಕೊಂಡು ಹತ್ತಿದ್ದೆವು. ಕೂತು ತಿರುಗಿದಾಗಲೇ ಕಂಡಿದ್ದು ಇಡೀ ಕಣಿವೆ, ಹಾವಿನಂತೆ ಸುತ್ತಿದ ರಸ್ತೆ, ನಮಗಿಂತ ಕೆಳಗೆ ತೇಲುವ ಮೋಡ. ನಾನೂ ಕೂತೆ. ಶೆಡ್ಡಿನವರೆಲ್ಲ ಕೂತರು. ಹೆಂಗಸರ ಒಂದು ಇಡೀ ಸಾಲು ಧೊಪ್ ಧೊಪ್ ಎಂದು ಏರಿತು. ಯಾರೋ ನಾವು ಪ್ರವಾಸದ ಬಸ್ಸಿನಲ್ಲಿ ಕುಣಿಯುವಾಗ ಹಾಡುವ ಹಾಡು ಶುರು ಮಾಡಿದರು. ಪಲ್ಲಕ್ಕಿಯವರು ಕುರ್ಚಿ ಇಳಿಸಿ ತಾಳ ಹಾಕಿದರು. ಚೊಲ್ಹೊ ಚೀಲ ಹೊತ್ತುಕೊಂಡು, "ಇನ್ನೂ ಇಪ್ಪತ್ತು ವರ್ಷ ಇದೇ ಕೆಲಸ ಮಾಡ್ಬೇಕಲ್ಲಪ್ಪ ನಾನು," ಎಂದು ಗೊಣಗುತ್ತ ಹಿಂದೆ ಬಂದ.

ತುದಿ ಹತ್ತಿರವಾದದ್ದು ಅವನಿಗೆ ಕಂಡಿತು. ಅಕ್ಕನಿಗೆ ಹೇಳಬೇಡ ಎಂದು ನಾನು ಕಣ್ಸನ್ನೆ ಮಾಡಿದೆ. ಅವನೂ ಸುಮ್ಮನಾದ, ಒಳ್ಳೆಯವನು.

ಅಕ್ಕ ಮೈ ಎತ್ತಿದಳು, ಕೂತಳು. ಕಣಿವೆಯ ಮೇಲಿನ ಕಣ್ಣು ತೆಗೆಯದೆಯೇ ಮುಂದಿನ ಮೆಟ್ಟಿಲಿಗೆಂದು ಕೈ ಹಿಂದೆ ಚಾಚಿದಳು. ಕೈಗೆ ಸಿಕ್ಕಿದ್ದು ಸಪಾಟು ನೆಲ. ಇನ್ನೂ ಹಿಂದಕ್ಕೆ ತಡವಿದಳು. ಅಲ್ಲೂ ನೆಲವೇ. ಬೆನ್ನಿಗೆ ಕಂಡಿಯಿಂದ ಬಂದ ತಣ್ಣನೆ ಗಾಳಿ ಬೀಸುತ್ತಿತ್ತು.

"ಮೆಟ್ಲು ಎಲ್ಲಿ ಹೋಯ್ತೇ?"

"ಮುಗೀತು ಅಕ್ಕ," ಎಂದಳು ಮಲ್ಜಾ.

ಬೊಕ್ಸಿಮ್ ಅಕ್ಕ ಎರಡೂ ಅಂಗೈಯನ್ನು ಆ ನೆಲದ ಮೇಲೆ ಒತ್ತಿಟ್ಟುಕೊಂಡು ನಮ್ಮೆಲ್ಲರ ಮುಖ ನೋಡಿದಳು.

"ಇಷ್ಟೇನಾ? ಇಷ್ಟಕ್ಕಾ ನೀವು ಪ್ರತಿಸಲ ಅಷ್ಟು ಸುಸ್ತಾಗಿ ಬರ್ತಿದ್ದಿದ್ದು?"