ಎರಡು ಪೈಥಾನ್ ಪುಸ್ತಕಗಳು ಮತ್ತು ಅಮೋನಿಯಾ ಕೋಣೆ

2021ರ ಆಗಸ್ಟ್. ವೆರ್ಣಾದ ಕೈಗಾರಿಕಾ ವಸಾಹತಿನಲ್ಲಿ ಮೀನನ್ನು ಹೆಪ್ಪುಗಟ್ಟಿಸಿ ಹೊರದೇಶಕ್ಕೆ ಕಳಿಸುವ ಒಂದು ಕಾರ್ಖಾನೆಯಲ್ಲಿ ನಾನು ಇನ್‌ಸ್ಟ್ರುಮೆಂಟ್ ಸೂಪರ್‌ವೈಸರ್ ಆಗಿದ್ದೆ. ಒತ್ತಡ, ಉಷ್ಣತೆ, ಅನಿಲ ಅಳೆಯುವ ಮೀಟರುಗಳು ಸುಳ್ಳು ಹೇಳದಂತೆ ಕಾಯುವುದು ನನ್ನ ಕೆಲಸ. ಗದಗಿನವಳು, ಮದುವೆಯಾಗಿ ವಾಸ್ಕೋಗೆ ಬಂದವಳು. ಹುಟ್ಟಾ ಅಂಜುಬುರುಕಿ. ಮೀಟರಿನ ಕೆಲಸಕ್ಕೆ ಅಂಜುಬುರುಕರೇ ಲೇಸು ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು. ಅದು ಹೊಗಳಿಕೆಯೋ ಕೀಟಲೆಯೋ ಇವತ್ತಿಗೂ ನನಗೆ ಗೊತ್ತಿಲ್ಲ.

ಆ ತಿಂಗಳು ನನ್ನ ತಲೆಗೆ ಇನ್ನೊಂದು ಕೆಲಸ ಕಟ್ಟಿದ್ದರು. ಐಟಿಐ ಮುಗಿಸಿ ಬಂದ ಹುಡುಗ ಹುಡುಗಿಯರಿಗೆ ಪ್ರೋಗ್ರಾಮಿಂಗ್ ಕಲಿಸಬೇಕು, ಅದಕ್ಕೆ ತರಬೇತಿ ಕೋಣೆಗೆ ಒಳ್ಳೆಯ ಪುಸ್ತಕ ಆರಿಸಿ ಕೊಡಿ ಎಂದು ಮ್ಯಾನೇಜರ್ ಹೇಳಿದರು. ಕಲಿಸಬೇಕಾದದ್ದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ. ನನ್ನ ಮೇಜಿನ ಮೇಲೆ ಎರಡು ಪುಸ್ತಕಗಳಿದ್ದವು. ಒಂದು ಮಡಗಾಂವದ ಹಳೆ ಪುಸ್ತಕದಂಗಡಿಯಿಂದ ತಂದದ್ದು. ದಪ್ಪಗಿತ್ತು, ವಿವರಣೆ ಬಹಳ ಸೊಗಸು, ಆದರೆ ಹಳೆಯ ಪೈಥಾನ್ ಕುರಿತದ್ದು. ಇನ್ನೊಂದು ತೆಳ್ಳಗೆ, ಹೊಸ ಪೈಥಾನ್ ಕುರಿತದ್ದು. ಹಳೆಯ ಪೈಥಾನನ್ನು ನಡೆಸುತ್ತಿದ್ದವರು ಅಷ್ಟರಲ್ಲಾಗಲೇ ಅದರ ಕೈಬಿಟ್ಟಿದ್ದರು. ಕಾರ್ಖಾನೆಯ ಹಳೆಯ ಕಂಪ್ಯೂಟರುಗಳು ಮಾತ್ರ ಅದನ್ನೇ ಹಿಡಿದುಕೊಂಡು ಕೂತಿದ್ದವು. "ಭಾಷೆ ಒಂದು ಕಡೆ ನಿಲ್ಲಲಿ, ಆಮೇಲೆ ಕೊಳ್ಳೋಣ" ಎಂದು ಮ್ಯಾನೇಜರ್ ನಗುತ್ತಿದ್ದರು. ಜನ ಆಡುವ ಭಾಷೆ ಎಂದಾದರೂ ನಿಂತದ್ದುಂಟೇ ಎಂದು ನಾನೂ ನಕ್ಕಿದ್ದೆ.

ಇನ್ನು ಅಮೋನಿಯಾ. ಶೀತಲಗೃಹವನ್ನು ತಣ್ಣಗಿಡುವ ಅನಿಲ ಅದು. ಕಂಪ್ರೆಸರ್ ಕೋಣೆಯ ಪೈಪುಗಳಲ್ಲಿ ಹರಿಯುತ್ತದೆ. ಸೋರಿದರೆ ಮೊದಲು ಕಣ್ಣು ಉರಿಯುತ್ತದೆ, ಆಮೇಲೆ ಗಂಟಲು, ಹೆಚ್ಚಾದರೆ ಶ್ವಾಸಕೋಶವೇ ಸುಡುತ್ತದೆ. ಅದರ ಘಾಟು ಎಂಥದ್ದೆಂದರೆ ಯಾವ ಮೀಟರಿಗಿಂತಲೂ ಮೊದಲು ಮನುಷ್ಯನ ಮೂಗು ಕೂಗುತ್ತದೆ. ಆದರೆ ಆ ಕೋಣೆಯ ಆಪರೇಟರ್ ಹನುಮಂತಪ್ಪನಿಗೆ ಆಗ ಮೂಗಿದ್ದೂ ಇಲ್ಲದಂತಾಗಿತ್ತು. ಆ ವರ್ಷದ ಬೇಸಗೆಯಲ್ಲಿ ಕೊರೋನಾ ಬಂದು ಹೋಗುವಾಗ ಅವನ ವಾಸನೆಯ ಶಕ್ತಿಯನ್ನೂ ಕೊಂಡೊಯ್ದಿತ್ತು. ಬಾದಾಮಿ ಕಡೆಯವನು, ಕೆಲಸದಲ್ಲಿ ಪಳಗಿದವನು. ವಾಸನೆ ಮರಳುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಅವನನ್ನು ಅಲ್ಲೇ ಉಳಿಸಿಕೊಂಡು ಒಂದು ನಿಯಮ ಮಾಡಿದ್ದೆವು. ಬಾಗಿಲ ಹೊರಗಿನ ಗ್ಯಾಸ್ ಮೀಟರ್ ಸೊನ್ನೆ ತೋರಿಸಿದರೆ ಮಾತ್ರ ಒಳಗೆ ಹೋಗಬೇಕು.

ಜುಲೈ ಕೊನೆಗೆ ಆ ಮೀಟರ್ ಕೆಟ್ಟು ಪುಣೆಗೆ ದುರಸ್ತಿಗೆ ಹೋಯಿತು. ಮೀನುಗಾರಿಕೆ ನಿಷೇಧದ ಗಡುವು ಮುಗಿದು ದೋಣಿಗಳು ಕಡಲಿಗಿಳಿದಿದ್ದವು, ಬಂಗಡೆ ಲಾರಿಗಟ್ಟಲೆ ಬರುತ್ತಿತ್ತು. ಕಾರ್ಖಾನೆ ನಿಲ್ಲಿಸುವ ಮಾತೇ ಇರಲಿಲ್ಲ. ಆಗ ನಮ್ಮ ವಿಭಾಗದ ಟೆಕ್ನೀಷಿಯನ್ ರೇಣುಕಾ, ವಾಸ್ಕೋದಲ್ಲೇ ಬೆಳೆದ ಬಾಗಲಕೋಟೆಯ ಹುಡುಗಿ, ಒಂದು ಉಪಾಯ ಮಾಡಿದಳು. ಒಂದು ಗ್ಯಾಸ್ ಸೆನ್ಸರ್, ಸ್ಟೋರಿನಲ್ಲಿ ಬಿದ್ದಿದ್ದ ಅಂಗೈ ಅಗಲದ ಕಂಪ್ಯೂಟರ್, ಒಂದು ಸಣ್ಣ ಪರದೆ. ಪ್ರೋಗ್ರಾಮನ್ನು ತರಬೇತಿ ಕೋಣೆಯ ಕಂಪ್ಯೂಟರಿನಲ್ಲಿ, ಹೊಸ ಪುಸ್ತಕ ನೋಡಿಕೊಂಡು ತಾನೇ ಬರೆದು ಆ ಸಣ್ಣ ಕಂಪ್ಯೂಟರಿಗೆ ಹಾಕಿದಳು. ಗಾಳಿ ಶುದ್ಧವಿದ್ದರೆ ಪರದೆ ಸೊನ್ನೆ ತೋರಿಸಬೇಕು, ಅನಿಲ ಹೆಚ್ಚಿದಂತೆ ನೂರರವರೆಗೆ ಏರಬೇಕು, ಇಪ್ಪತ್ತೈದು ದಾಟಿದರೆ ಸೈರನ್. ಬಾಗಿಲಲ್ಲಿ ಕೂರಿಸಿದ ದಿನ ಅಮೋನಿಯಾದಲ್ಲಿ ಅದ್ದಿದ ಹತ್ತಿಯನ್ನು ಸೆನ್ಸರಿಗೆ ಒತ್ತಿ ಹಿಡಿದಳು. ನೂರು ಬಂತು, ಸೈರನ್ ಕೂಗಿತು. ಹತ್ತಿ ತೆಗೆದಳು, ಸೊನ್ನೆ. ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ಹನುಮಂತಪ್ಪ ಎಲ್ಲರಿಗೂ ಪೇಡೆ ಹಂಚಿದ.

ನಾಲ್ಕಾರು ದಿನ ಕಳೆದಿರಬೇಕು. ಬೆಳಗಿನ ಚಹಾ ಹೊತ್ತಿಗೆ ನಾನು ಆ ಎರಡು ಪುಸ್ತಕಗಳನ್ನು ಎದುರೆದುರು ತೆರೆದಿಟ್ಟುಕೊಂಡು ಕೂತೆ. ಹೊಸದರಲ್ಲಿ ಹಳೆಯದಕ್ಕೂ ತನಗೂ ಇರುವ ವ್ಯತ್ಯಾಸಗಳಿಗಾಗಿ ಒಂದು ಅಧ್ಯಾಯವಿತ್ತು. ಓದುತ್ತಾ ಹೋದೆ. ಏಳನ್ನು ಎರಡರಿಂದ ಭಾಗಿಸಿದರೆ ಹೊಸ ಭಾಷೆ ಮೂರೂವರೆ ಎನ್ನುತ್ತದೆ. ಹಳೆಯದು ಮೂರು ಎನ್ನುತ್ತದೆ, ಉಳಿದ ಅರ್ಧವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ತಪ್ಪು ಎಂದು ಕೂಗುವುದಿಲ್ಲ, ನಿಲ್ಲುವುದೂ ಇಲ್ಲ.

ಚಹಾದ ಲೋಟ ಕೈಯಲ್ಲೇ ಉಳಿಯಿತು. ಆ ಸೆನ್ಸರ್ ಕೊಡುವ ಅಂಕಿ ಸೊನ್ನೆಯಿಂದ 1023ರವರೆಗೆ. ಬಂದ ಅಂಕಿಯನ್ನು ರೇಣುಕಾ 1023ರಿಂದ ಭಾಗಿಸಿ ನೂರರಿಂದ ಗುಣಿಸಿದ್ದಳು. ಸ್ಟೋರಿನ ಆ ಕಂಪ್ಯೂಟರಿನಲ್ಲಿ ಹಳೆಯ ಪೈಥಾನ್ ಇದ್ದರೆ? ಐನೂರನ್ನು 1023ರಿಂದ ಭಾಗಿಸಿದರೆ ಒಂದಕ್ಕಿಂತ ಕಡಿಮೆ, ಆ ಚೂರು ಬಿಟ್ಟುಹೋಗಿ ಸೊನ್ನೆ. ಒಂಬೈನೂರನ್ನು ಭಾಗಿಸಿದರೂ ಸೊನ್ನೆ. ಪೂರ್ತಿ 1023 ಬಂದಾಗ ಮಾತ್ರ ಒಂದು, ಅಂದರೆ ನೂರು. ನಾವು ಹತ್ತಿ ಒತ್ತಿ ಹಿಡಿದು ನೋಡಿದ್ದು ಆ ಕೊನೆಯ ಅಂಕಿಯನ್ನು. ನಡುವೆ ಏನಾದರೂ ಆಗಲಿ, ಪರದೆ ಸೊನ್ನೆಯನ್ನೇ ತೋರಿಸುತ್ತದೆ.

ಪಕ್ಕದ ಮೇಜಿನಲ್ಲಿದ್ದ ರೇಣುಕಾಳನ್ನು ಕೇಳಿದೆ: "ಬಾಗಲ ಮ್ಯಾಲಿನ ಕಂಪ್ಯೂಟರಿನಾಗ ಯಾವ ಪೈಥಾನ್ ಐತಿ?"

"ಅದರಾಗ ಮೊದಲಿಂದ ಇದ್ದದ್ದ ಐತ್ರಿ, ಮೇಡಂ. ಯಾಕ್ರಿ?" ಎಂದಳು. ನಾನು ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಓದುತ್ತಿದ್ದಂತೆ ಅವಳು ಕುರ್ಚಿಯಿಂದ ಎದ್ದಳು. "ಹನುಮಂತಣ್ಣ ಈಗ ಎಣ್ಣಿ ಇಳಸಾಕ ಹೋಗ್ಯಾನ್ರಿ" ಎಂದಳು.

ಕಂಪ್ರೆಸರಿನ ತಳದಲ್ಲಿ ಕೂಡಿದ ಎಣ್ಣೆಯನ್ನು ವಾಲ್ವ್ ತೆರೆದು ಹೊರಗೆ ಬಿಡುವುದೇ ಆ ಕೋಣೆಯ ಅತಿ ಅಪಾಯದ ಕೆಲಸ. ಎಣ್ಣೆಯ ಜೊತೆ ಅಮೋನಿಯಾ ನುಗ್ಗುವುದು ಆಗಲೇ. ಕೆಲಸಗಾರರು ಮೊಬೈಲನ್ನು ಗೇಟಿನಲ್ಲೇ ಇಟ್ಟು ಬರುವುದರಿಂದ ಫೋನ್ ಮಾಡುವಂತಿರಲಿಲ್ಲ. ಓಡಿದೆವು.

ನನ್ನವು ಐವತ್ತೇಳು ವರ್ಷದ ಮೊಣಕಾಲುಗಳು. ಕಾಲು ನೆಲಕ್ಕೆ ತಾಗುತ್ತಿವೆಯೋ ಇಲ್ಲವೋ ತಿಳಿಯದು. ಬಾಯಲ್ಲಿ ಎಲ್ಲಮ್ಮನ ಹೆಸರು ಬಿಟ್ಟರೆ ಬೇರೆ ಮಾತಿಲ್ಲ. ದಾರಿ ಮೀನು ಕತ್ತರಿಸುವ ಹಾಲಿನ ಮೂಲಕವೇ ಹೋಗುತ್ತದೆ. ಅಲ್ಲಿ ಸಾಲಿನ ತುದಿಯಲ್ಲಿ ಹನುಮಂತಪ್ಪನ ಹೆಂಡತಿ ಮಲ್ಲವ್ವ ನಿಂತಿದ್ದಳು. "ಯಾಕ್ರೀ ಅಕ್ಕಾರ, ಹಿಂಗ ಓಡಾಕತ್ತೀರಿ?" ಎಂದು ನಗುತ್ತಲೇ ಕೇಳಿದಳು. ನಾನು ಅವಳ ಮುಖ ನೋಡಲಿಲ್ಲ. ನೋಡಿದ್ದರೆ ಅಲ್ಲೇ ಕುಸಿಯುತ್ತಿದ್ದೆ.

ಕಂಪ್ರೆಸರ್ ಕೋಣೆಗೆ ಇನ್ನೂ ಹತ್ತಿಪ್ಪತ್ತು ಹೆಜ್ಜೆ ಇರುವಾಗಲೇ ಘಾಟು ಮೂಗಿಗೆ ಹೊಡೆಯಿತು. ತಲೆ ಎತ್ತಿ ಪರದೆ ನೋಡಿದೆ. ಸೊನ್ನೆ. ಅಷ್ಟು ಶಾಂತವಾಗಿ, ಅಷ್ಟು ಹಸಿರಾಗಿ ಹೊಳೆಯುತ್ತಿತ್ತು. ನನ್ನ ಜೀವಮಾನದಲ್ಲಿ ಯಾವ ಅಂಕಿಗೂ ನಾನು ಹಾಗೆ ಹೆದರಿಲ್ಲ.

ಬಾಗಿಲು ಅರ್ಧ ತೆರೆದಿತ್ತು, ಒಳಗೆ ಯಂತ್ರಗಳ ಅಬ್ಬರ. ಕೂಗಿದರೆ ನನ್ನ ಧ್ವನಿ ನನಗೇ ಕೇಳದು. ಹೊರಗೋಡೆಯ ಕೆಂಪು ಬಟನ್ ಒತ್ತಿದೆ. ಕಂಪ್ರೆಸರುಗಳು ಒಂದೊಂದಾಗಿ ನಿಂತವು. ಟನ್‌ಗಟ್ಟಲೆ ಮೀನು ಒಳಗಿತ್ತು, ಅದು ಹಾಳಾದರೆ ಹಾಳಾಗಲಿ. "ಹನುಮಂತಪ್ಪಾ" ಎಂದು ಕೂಗಿದೆ. ರೇಣುಕಾ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರು ಚುಚ್ಚಿತು. ಮತ್ತೆ ಕೂಗಿದೆ. ಒಳಗಿನಿಂದ ಕೆಮ್ಮು ಕೇಳಿತು.

ಅವನು ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದ. ಕಣ್ಣು ಕೆಂಡದಂತಾಗಿದ್ದವು. ಅವನನ್ನು ಎಳೆದುಕೊಂಡು ಗಾಳಿ ಬೀಸುವ ಅಂಗಳಕ್ಕೆ ಹೋಗಿ ಕಣ್ಣಿಗೆ ನೀರು ಹಾಕಿದೆವು. ಉಸಿರು ಹದಕ್ಕೆ ಬಂದ ಮೇಲೆ ಅವನು ಅಂದ: "ಕಣ್ಣು ಭಾಳ ಉರಿಯಾಕತ್ತಿದ್ವು, ಅಕ್ಕಾರ. ಕೆಮ್ಮೂ ಬಂತು. ಒಮ್ಮೆ ಹೊರಗ ಬಂದು ಪರದಿ ನೋಡಿದ್ನಿ. ಸೊನ್ನಿ ಇತ್ತು. ನಮ್ಮ ರೇಣುಕಾ ಮಾಡಿದ್ದು ಸುಳ್ಳು ಹೇಳಂಗಿಲ್ಲ ಅಂತ ಮತ್ತ ಒಳಗ ಹೋದ್ನಿ."

ರೇಣುಕಾ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತಳು. ನಾನೂ ಅತ್ತೆ, ಮುಚ್ಚಿಡುವುದೇನು. ಒಂದು ಪೈಪಿನ ವಾಲ್ವಿನಲ್ಲಿ ಸೋರಿಕೆ ತಡೆಯುವ ಪ್ಯಾಕಿಂಗ್ ಸಡಿಲಾಗಿ ಅಮೋನಿಯಾ ಸಣ್ಣಗೆ ಸೋರುತ್ತಿತ್ತು. ಎಣ್ಣೆ ಇಳಿಸುವ ವಾಲ್ವನ್ನು ಅವನಿನ್ನೂ ತೆರೆದಿರಲಿಲ್ಲ. ಅವನನ್ನು ಆಸ್ಪತ್ರೆಗೆ ಕಳಿಸಿದೆವು, ಸಂಜೆ ನಡೆದುಕೊಂಡೇ ಮನೆಗೆ ಹೋದ. ಪುಣೆಯಿಂದ ಮೀಟರ್ ಬರುವವರೆಗೆ ಮೂಗು ನೆಟ್ಟಗಿರುವ ಇನ್ನೊಬ್ಬ ಆಪರೇಟರ್ ಆ ಕೋಣೆ ನೋಡಿಕೊಂಡ.

"ನಾ ಓದಿದ ಪುಸ್ತಕಾನ ತಪ್ಪಿತ್ತೇನ್ರಿ?" ಎಂದು ಮರುದಿನ ರೇಣುಕಾ ಕೇಳಿದಳು. ಇನ್ನು ಪ್ರೋಗ್ರಾಮಿಂಗ್ ಮುಟ್ಟುವುದೇ ಇಲ್ಲ ಎಂದು ಹಟ ಹಿಡಿದಿದ್ದಳು. "ಇಲ್ಲವ್ವಾ, ಪುಸ್ತಕ ಖರೇನ ಹೇಳೇತಿ. ಆ ಯಂತ್ರಕ್ಕ ಆ ಮಾತು ಗೊತ್ತಿರಲಿಲ್ಲ, ಅಷ್ಟ" ಎಂದೆ. ಪುಸ್ತಕದ ಲೆಕ್ಕ ಸರಿ, ಅವಳು ಬರೆದದ್ದು ಸರಿ, ಹಳೆಯ ಯಂತ್ರವೂ ತಾನು ಕಲಿತಂತೆ ಸರಿಯಾಗಿಯೇ ಭಾಗಿಸಿತ್ತು. ಅಷ್ಟು ಸರಿಗಳ ನಡುವೆ ಒಬ್ಬ ಮನುಷ್ಯ ಸಾಯುವುದರಲ್ಲಿದ್ದ.

ಕೊನೆಗೆ ತರಬೇತಿ ಕೋಣೆಗೆ ಹೊಸ ಪುಸ್ತಕವನ್ನೇ ಕೊಂಡೆವು, ಆದರೆ ಕಾರ್ಖಾನೆಯ ಎಲ್ಲ ಕಂಪ್ಯೂಟರುಗಳಿಗೂ ಹೊಸ ಪೈಥಾನ್ ಹಾಕಿದ ಮೇಲೆ. ಹಳೆಯ ಪುಸ್ತಕವನ್ನು ಮೇಜಿನಿಂದ ತೆಗೆಯಲು ಹೋದಾಗ ಸರಸ್ವತಿಯನ್ನು ಹೊರಗೆ ಹಾಕುವುದೇ ಎಂದು ಕೆಲವರು ಗೊಣಗಿದರು. ಹೊರಗೆ ಹಾಕಲಿಲ್ಲ, ನನ್ನ ಮೇಜಿನ ಖಾನೆಯಲ್ಲಿ ಬೀಗ ಹಾಕಿ ಇಟ್ಟೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಬಾಲ್ಯದಿಂದ ಕೇಳಿದ್ದೇನೆ. ಅದರಲ್ಲಿ ನಡುವಿನ ಅಂಕಿಗಳನ್ನೂ ಪ್ರಮಾಣಿಸಬೇಕು ಎಂಬ ಅರ್ಥವಿದೆ ಎಂದು ಗೊತ್ತಾಗಿದ್ದು ಆಗ.

ನಿವೃತ್ತಿಯಾದ ಮೇಲೂ ವಾಸ್ಕೋದ ಹುಡುಗರು ಯಾವ ಪುಸ್ತಕ ಕೊಳ್ಳಲಿ ಎಂದು ಕೇಳಲು ಮನೆಗೆ ಬರುತ್ತಾರೆ. ನಿಮ್ಮ ಯಂತ್ರದಲ್ಲಿ ಯಾವ ಪೈಥಾನ್ ಇದೆ ಎಂದು ಮೊದಲು ಕೇಳುತ್ತೇನೆ. ಉತ್ತರ ಬರುವವರೆಗೆ ನನಗೆ ಇವತ್ತಿಗೂ ಹೆದರಿಕೆಯೇ. ಆ ಹೆದರಿಕೆ ಹೋಗಲಿ ಎಂದು ನಾನು ಬಯಸುವುದಿಲ್ಲ. ನಾವು ಹೆದರದೆ ಆರಿಸಿದ ದಿನ, ನಮ್ಮನ್ನು ನಂಬಿದ ಯಾರೋ ಒಬ್ಬರು ಉರಿಯುವ ಕಣ್ಣೊರೆಸಿಕೊಂಡು ಮತ್ತೆ ಒಳಗೆ ಹೋಗುತ್ತಾರೆ.